ಅಡುಗೆಯ ಜೀನೇ ಇಲ್ಲದ ವಂಶ

ಹೊಳೆನರಸೀಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ಸಂಪತ್ಕುಮಾರನಿಗೆ ಮನೆಗೆಲಸ ತಪ್ಪಿಸಿಕೊಳ್ಳಲು ಸುಳ್ಳು ಹೇಳುವ ದರಿದ್ರ ಎಂದೂ ಬಂದಿರಲಿಲ್ಲ. ಸಾಕ್ಷಾತ್ ವಿಜ್ಞಾನವೇ ಅವನ ಕೈ ಹಿಡಿದಿತ್ತು. ಕಾಯಿ ತುರಿದುಕೊಡಿ ಅಂದರೆ, "ನಮ್ಮ ವಂಶದಲ್ಲಿ ಆ ಜೀನ್ ಇಲ್ಲ ಹಂಸಾ" ಅನ್ನುತ್ತಿದ್ದ. ಹಾಲು ಉಕ್ಕುತ್ತಿದ್ದರೆ ಪಕ್ಕದಲ್ಲೇ ನಿಂತು ಶ್ರದ್ಧೆಯಿಂದ ನೋಡುತ್ತಿದ್ದ. (ಒಲೆ ಆರಿಸುವುದಕ್ಕೆ ಬೇರೆಯೇ ಜೀನ್ ಬೇಕಂತೆ.)

ಹೆಂಡತಿ ಹಂಸ ಇಷ್ಟು ವರ್ಷ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಳು. ಈಗ ಚನ್ನರಾಯಪಟ್ಟಣದಲ್ಲಿ ತಂಗಿ ರಂಜಿತಾಳ ಗೃಹಪ್ರವೇಶ. ನಾಲ್ಕು ದಿನ ಮುಂಚೆ ಬಂದು ಜೊತೆಗಿರೇ ಅಕ್ಕ ಅಂತ ಅವಳು ಫೋನಿನಲ್ಲಿ ಅತ್ತೇಬಿಟ್ಟಿದ್ದಳು. ಹಂಸಳಿಗೂ ಹೋಗುವ ಆಸೆ ಬೆಟ್ಟದಷ್ಟಿತ್ತು. ಆದರೆ ಅತ್ತೆ ಲಕ್ಷ್ಮೀದೇವಮ್ಮನವರದು ಕಟ್ಟುನಿಟ್ಟಿನ ಮಡಿ. ಮನೆಯವರು ಮಿಂದು, ಮಡಿಯುಟ್ಟು ಬೇಯಿಸಿದ್ದು ಬಿಟ್ಟರೆ ಬೇರೆ ಒಂದು ಅಗುಳನ್ನೂ ಮುಟ್ಟುವವರಲ್ಲ. ಹೋಟೆಲಿನ ಹೆಸರೆತ್ತಿದರೆ ಸಾಕು, ಇನ್ನೊಂದು ಸಲ ಸ್ನಾನಕ್ಕೆ ಹೋಗುತ್ತಿದ್ದರು. ಮಗಳು ಇಂಚರಳೂ ಚಿಕ್ಕಮ್ಮನ ಮನೆಗೆ ಹೊರಡುವವಳೇ. ಹಾಗಾಗಿ ಉಳಿದವನು ಸಂಪತ್ಕುಮಾರ ಒಬ್ಬನೇ.

"ಒಂದು ಅನ್ನ, ಒಂದು ಹುಳಿ. ಅಷ್ಟು ಮಾಡಕ್ಕಾಗಲ್ವೇನ್ರೀ?"

"ಮಾಡಲ್ಲ ಅಂತಲ್ವೇ. ರಕ್ತದಲ್ಲೇ ಇಲ್ಲದ್ದನ್ನ ಎಲ್ಲಿಂದ ತರಲಿ?"

"ತಿನ್ನೋ ಜೀನ್ ಮಾತ್ರ ಎರಡೆರಡು ಬಂದಿದೆ."

"ಅದು ಪ್ರಬಲ ಗುಣ," ಎಂದ ಸಂಪತ್ಕುಮಾರ ಗಂಭೀರವಾಗಿ.

ಆ ಭಾನುವಾರ ಇಂಚರ ನಡುಮನೆಯಲ್ಲಿ ದೊಡ್ಡ ಚಾರ್ಟ್ ಹರಡಿಕೊಂಡು ಕೂತಳು. ಹಾಸನದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮನುಷ್ಯರ ಅನುವಂಶೀಯತೆಯನ್ನು ಕಲ್ಪನೆಯ ಅನ್ಯಗ್ರಹ ಜೀವಿಯೊಂದರ ಜೊತೆ ಹೋಲಿಸಬೇಕಿತ್ತು. ಜೀವಿಗೆ ಅವಳು 'ಬೂವ' ಎಂದು ಹೆಸರಿಟ್ಟಿದ್ದಳು. ಹಾಸನದ ಪಕ್ಕದ ಬೂವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತದಲ್ಲ, ಇಳಿಯುವುದಾದರೆ ಅಲ್ಲೇ ಇಳಿಯಲಿ ಅಂತ.

"ಬರ್ಕೋ," ಎಂದ ಸಂಪತ್ಕುಮಾರ ಹುರುಪಿನಿಂದ. "ನಮ್ಮ ಡಿಎನ್ಎ ಎರಡೆಳೆ, ಬೂವನದು ಮೂರೆಳೆ. ನಮಗೆ ಹೆತ್ತವರು ಇಬ್ಬರು, ಅದಕ್ಕೆ ಮೂವರು."

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಲಕ್ಷ್ಮೀದೇವಮ್ಮನವರು ತಲೆಯೆತ್ತಿದರು. "ಮೂವರಾ? ಪಾಪ, ಯಾರ ಗೋತ್ರ ಹೇಳ್ಕೊಳ್ಳತ್ತೋ!"

"ಬೂವನ ಮರಿ ಹೆತ್ತವರ ಕೆಲಸನೆಲ್ಲ ಕಲಿತೇ ಹುಟ್ಟತ್ತೆ ಅಂತ ಬರೀಲಾ ಅಪ್ಪ?" ಎಂದಳು ಇಂಚರ. "ಮನುಷ್ಯರಲ್ಲೂ ಹಾಗೇನಾ?"

"ಛೆ ಛೆ! ಮನುಷ್ಯರಿಗೆ ಕಣ್ಣಿನ ಬಣ್ಣ, ರಕ್ತದ ಗುಂಪು, ಇಂಥವು ಹುಟ್ಟಿನಿಂದ ಬರತ್ತೆ. ಈಜು, ಸೈಕಲ್ಲು ಹಾಗೆ ಬರಲ್ಲ. ಕಲೀಲೇಬೇಕು. ಯಾರು ಬೇಕಾದ್ರೂ ಕಲೀಬಹುದು! ಅದೇ ಮನುಷ್ಯನ ಹೆಚ್ಚುಗಾರಿಕೆ. ದಪ್ಪಕ್ಷರದಲ್ಲಿ ಬರಿ!"

ಅಡುಗೆಮನೆಯಿಂದ ಹಂಸ ಸೌಟಿನ ಸಮೇತ ಬಂದಳು. "ಅಡುಗೆ ಅಂತಾನೂ ಸೇರ್ಸು ಇಂಚರಾ. ಸೈಕಲ್ಲಿನ ಪಕ್ಕದಲ್ಲೇ."

ಪಂಡಿತೋತ್ತಮ ಚಾರ್ಟಿನಿಂದ ಹಿಂದೆ ಸರಿದ. "ಅದು... ಸಾಮಾನ್ಯ ನಿಯಮ. ಅಪವಾದಗಳಿರತ್ತೆ. ನಮ್ಮ ವಂಶದ ಗಂಡಸರು ತಲೆತಲಾಂತರದಿಂದ ಒಲೆ ಮುಟ್ಟಿಲ್ಲ. ಬೇಕಾದ್ರೆ ಅಮ್ಮನ್ನೇ ಕೇಳು."

ಆ ಮಾತು ಆಡಬಾರದಿತ್ತು. ಲಕ್ಷ್ಮೀದೇವಮ್ಮನವರು ಬತ್ತಿ ಕೆಳಗಿಟ್ಟರು.

"ಅಲ್ವೋ ಸಂಪತ್ತೂ, ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂತಾಗ ಈ ಮನೇಲಿ ಬೇಯಿಸ್ತಿದ್ದದ್ದು ಯಾರು? ಪಕ್ಕದ ಮನೆಯವರಾ? ನಿಮ್ಮಪ್ಪ ಕಣೋ! ಅವರಪ್ಪಾನೂ ಅಷ್ಟೇ. ಮಡಿ ಮನೆ ಗಂಡಸಿಗೆ ಅಡುಗೆ ಬರದಿದ್ರೆ ಮನೆಮಂದಿಗೆಲ್ಲ ತಿಂಗಳು ತಿಂಗಳೂ ಏಕಾದಶಿ. ಹಂಸ ಬಂದ ಮೇಲೆ ಆ ಹೊರಗೆ ಕೂರೋದನ್ನ ನಾನೇ ಬಿಡಿಸ್ದೆ, ನೀನು ಪಾರಾದೆ." ಸೊಸೆಯ ಕಡೆ ತಿರುಗಿದರು. "ನೀನು ಹೊರಡಮ್ಮ. ಇವನು ಮಾಡ್ತಾನೆ, ನಾನು ತಿಂತೀನಿ."

ಹಂಸ ಸೌಟನ್ನು ಗಂಡನ ಕೈಗಿತ್ತಳು. ಮಾರನೆಯ ದಿನವೇ ತಾಯಿ ಮಗಳು ಬಸ್ಸು ಹತ್ತಿದರು.

ಸಂಪತ್ಕುಮಾರ ಮಾತ್ರ ಸೋಲೊಪ್ಪುವ ಕುಳವಲ್ಲ. ಮಿಂದು, ಒದ್ದೆ ಪಂಚೆ ಸುತ್ತಿಕೊಂಡು ನಡುಗುತ್ತಲೇ ಒಲೆ ಹಚ್ಚಿದ. ಬೇಳೆ ಬೇಯುವ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆಯಿತು. ಹುಳಿಗೆ ಬೇಕೆಂದೇ ಒಂದು ಹಿಡಿ ಉಪ್ಪು ಹೆಚ್ಚಿಗೆ ಸುರಿದ. ಒಂದು ತುತ್ತು ತಿಂದರೆ ಸಾಕು, ಅಮ್ಮ ಸೊಸೆಯನ್ನು ವಾಪಸ್ಸು ಕರೆಸುತ್ತಾರೆ. ಪತ್ನಿಯೂ ಬರುತ್ತಾಳೆ, ಸಿದ್ಧಾಂತವೂ ಉಳಿಯುತ್ತದೆ ಅಂದುಕೊಂಡ.

ಲಕ್ಷ್ಮೀದೇವಮ್ಮನವರು ಮೊದಲ ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರಾಡಿತು. ಒಂದು ಚೊಂಬು ನೀರು ಕುಡಿದರು. ಆದರೂ ಎಲೆಯಲ್ಲಿದ್ದುದನ್ನು ಬಿಡದೆ ಮುಗಿಸಿ, ಕೈ ತೊಳೆದು, "ಹಂಸನಿಗೆ ಫೋನ್ ಹಚ್ಚೋ" ಅಂದರು. ಸಂಪತ್ಕುಮಾರ ಓಡಿಹೋಗಿ ಫೋನ್ ತಂದು, ಹಚ್ಚಿ, ತನಗೂ ಕೇಳಲಿ ಅಂತ ಸ್ಪೀಕರ್ ಒತ್ತಿ ಹಿಡಿದ.

"ಏನತ್ತೆ, ಊಟ ಆಯ್ತಾ? ನಾನು ಬಂದ್ಬಿಡ್ಲಾ?" ಹಂಸಳ ದನಿಯಲ್ಲಿ ಆತಂಕವಿತ್ತು.

"ಬೇಡ್ವೇ! ಥೇಟ್ ನಿಮ್ಮ ಮಾವನ ಕೈಯಡುಗೆ! ಅವರೂ ಶುರೂನಲ್ಲಿ ಹೀಗೇ ಹಿಡಿ ಹಿಡಿ ಉಪ್ಪು ಸುರೀತಿದ್ರು. ಅವರು ಹೋಗಿ ಇಷ್ಟು ವರ್ಷ ಆದ್ಮೇಲೆ ಇವತ್ತು ಅವರೇ ಬಡಿಸಿದ ಹಾಗಾಯ್ತು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವರ ಕೈ ಪಳಗೋದಕ್ಕೆ ಪೂರ್ತಿ ಒಂದು ತಿಂಗಳು ಹಿಡೀತು. ಇವನು ಪಳಗೋವರೆಗೂ ನೀನು ಅಲ್ಲೇ ಇರು."