ನೀರಿಗೆ ತಗುಲಿದ ಸೋಂಕು

ಜಗಳ ಹುಟ್ಟಿದ್ದು ಎರಡು ಬನ್ನಿನಿಂದ. ದಿನಾ ನಾಲ್ಕು ಇಡುತ್ತೇನೆ ಎಂದು ಹೆಂಡತಿ. ಡಬ್ಬಿ ತೆಗೆದರೆ ಇರುವುದು ಎರಡೇ ಎಂದು ಗಂಡ.

"ಹಾಗಾದ್ರೆ ನಾನು ಸುಳ್ಳು ಹೇಳ್ತೀನಾ? ಹೋಗ್ಲಿ, ಇವತ್ತಾದ್ರೂ ಹತ್ತು ದಿನ ರಜಾ ತಗೊಂಡ್ಬನ್ನಿ. ಅಕ್ಕನ ಮನೆಗೆ ಹೋಗೋಣ ಅಂತ ವರ್ಷದಿಂದ ಮೂಗಿಗೆ ತುಪ್ಪ ಸವರ್ತಿದ್ದೀರಿ. ಬರಿಗೈಲಿ ಬಂದ್ರೆ ನಾಳೆಯಿಂದ ಬನ್ನೂ ಇಲ್ಲ, ಮಾತೂ ಇಲ್ಲ!"

ಆಸ್ಪತ್ರೆಯ ಲ್ಯಾಬಿನಲ್ಲಿ ಈ ಗಂಡನಿಗೆ ಯೀಸ್ಟಪ್ಪ ಎಂದೇ ಹೆಸರು. ರೋಗಿಗಳ ಮೈ ಹೊಕ್ಕ ಯೀಸ್ಟು ಯಾವ ಜಾತಿಯದೆಂದು ಡಿಎನ್ಎ ಗುರುತು ನೋಡಿ ಹೇಳುವುದು ಅವನ ಕೆಲಸ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ತರಹದ ದುಂಡು ಮುಖದವು. ಡಿಎನ್ಎ ಗುರುತು ಪಟ್ಟೆಯಾಗಿ ಮೂಡಿದಾಗಲೇ ಅವುಗಳ ಕುಲಗೋತ್ರ ಬಯಲಾಗುವುದು. ಜಾತಿ ತಿಳಿದರೆ ಔಷಧ ಯಾವುದೆಂದು ತಿಳಿಯುತ್ತದೆ.

ಅಂದು ಏಳು ಮಾದರಿಗಳಿದ್ದವು. ಜೊತೆಗೆ ವಾಡಿಕೆಯಂತೆ, ಪರೀಕ್ಷೆ ಸರಿಯಿದೆಯೇ ಎಂದು ನೋಡಲು, ಎಲ್ಲ ಮಾದರಿಗೂ ಬೆರೆಸುವ ಬರೀ ನೀರಿನ ಒಂದು ಕೊಳವೆ. ಅದರಲ್ಲಿ ಏನೂ ಕಾಣಬಾರದು. ಆದರೆ ಏಳರಲ್ಲೂ ಒಂದು ವಿಚಿತ್ರ ಪಟ್ಟೆ ಮೂಡಿತು. ನೀರಿನಲ್ಲೂ ಅದೇ!

ವಾರ್ಡಿನ ಹಿರಿಯ ಸಿಸ್ಟರ್ ಓಡಿ ಬಂದರು. "ಏನ್ರೀ, ನೀರಿಗೂ ಕಾಯಿಲೆನಾ? ನನ್ನ ವಾರ್ಡು ಮುಚ್ಚಬೇಕಾ?"

ಯೀಸ್ಟಪ್ಪ ಹಳೆಯ ದಾಖಲೆ ತಿರುವಿ ಹಾಕಿದ. ಹಿಂದೊಮ್ಮೆ ತಮಾಷೆಗೆಂದು ಹೆಂಡತಿಯ ಬನ್ನಿನ ಹುದುಗನ್ನು ಪರೀಕ್ಷಿಸಿದ್ದ. ಅತ್ತೆಯ ಕಾಲದಿಂದ ಮನೆಯಲ್ಲೇ ಬೆಳೆದು ಬಂದ ಯೀಸ್ಟು ಅದು. ಅಂಗಡಿಯ ಯಾವ ಬನ್ನಿಗೂ ಆ ಗುರುತಿಲ್ಲ. ಈ ಪಟ್ಟೆ ಅದರದೇ ಎಂದು ಸಿಸ್ಟರಿಗೆ ಹೇಳಿದ.

"ಬನ್ನು ತಿಂದ ಕೈಲೇ ಕೆಲಸ ಮಾಡಿದ್ದೀರಿ!" ಎಂದರು ಸಿಸ್ಟರ್.

"ನನ್ನಾಣೆ ಸಿಸ್ಟರ್, ಇನ್ನೂ ಡಬ್ಬೀನೇ ತೆಗೆದಿಲ್ಲ."

"ಬೇಯಿಸಿದ ಮೇಲೂ ಯೀಸ್ಟು ಬದುಕಿರುತ್ತಾ?"

"ಅದು ಸತ್ತರೂ ಗುರುತು ಉಳಿಯುತ್ತೆ."

ಅವನು ಬೇರೊಂದು ಬಾಟಲಿಯ ನೀರು ತೆಗೆದು ಎಲ್ಲವನ್ನೂ ಮೊದಲಿನಿಂದ ಮಾಡಿದ. ಮೂರು ಗಂಟೆಗೆ ನೀರು ಶುದ್ಧವಾಗಿ ಬಂತು. ರೋಗಿಗಳಲ್ಲಿ ಇದ್ದದ್ದು ಎರಡು ಪರಿಚಿತ ಜಾತಿ, ಎರಡಕ್ಕೂ ಔಷಧವಿತ್ತು. ಸಿಸ್ಟರ್ ನಿಟ್ಟುಸಿರು ಬಿಟ್ಟು ಹೊರಟರು.

ಹಾಗಾದರೆ ಬೆಳಗಿನ ಬಾಟಲಿಯೇ ಕಳ್ಳ. ಬಾಟಲಿ ತೆರೆದವರು ಅದರ ಚೀಟಿಯ ಮೇಲೆ ಸಮಯ ಬರೆದು ಸಹಿ ಹಾಕಬೇಕೆಂಬುದು ಲ್ಯಾಬಿನ ನಿಯಮ. ಯೀಸ್ಟಪ್ಪ ತಿರುಗಿಸಿ ನೋಡಿದ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಕೆಳಗೆ ಉದ್ದ ಬಾಲದ ಸಹಿ. ತನ್ನ ರಜಾ ಅರ್ಜಿಯ ಮೇಲೆ ವರ್ಷದಿಂದ ಅವನು ಕಾಯುತ್ತಿದ್ದ ಸಹಿಯೇ ಅದು!

ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಅರ್ಜಿ ಹಿಡಿದು ಲ್ಯಾಬಿನ ಮುಖ್ಯಸ್ಥರಾದ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದ. ಅವರು ಚೀಟಿ ನೋಡಿದರು, ಅವನ ಮುಖ ನೋಡಿದರು, ಎದ್ದು ಬಾಗಿಲು ಹಾಕಿದರು.

"ಮನೇಲಿ ಸೊಪ್ಪು ಬಿಟ್ಟು ಬೇರೇನೂ ಕೊಡಲ್ಲ ಕಣಯ್ಯಾ. ನಿನ್ನ ಡಬ್ಬಿಯಿಂದ ದಿನಾ ಎರಡೇ ಬನ್ನು ತಗೊಳ್ತಿದ್ದೆ, ನಿನಗೂ ಎರಡು ಬಿಡ್ತಿದ್ದೆ. ಇವತ್ತು ಲ್ಯಾಬಿಗೆ ಸುಮ್ನೆ ಬಂದ ಹಾಗೆ ಕಾಣಬಾರದು ಅಂತ ಬನ್ನು ತಿಂದ ಕೈಲೇ ಆ ಬಾಟಲಿ ತೆರೆದಿಟ್ಟೆ, ನೋಡು."

ಯೀಸ್ಟಪ್ಪ ಧೈರ್ಯವಾಗಿ ಅರ್ಜಿ ಮುಂದಿಟ್ಟ. "ಹಾಗಾದ್ರೆ ಸರ್, ಈ ರಜಾ..."

"ಹತ್ತು ದಿನ ನೀನು ಬರದಿದ್ರೆ ನನ್ನ ಗತಿ ಏನಯ್ಯಾ? ವರ್ಷದಿಂದ ಯಾಕೆ ಸಹಿ ಹಾಕಿಲ್ಲ ಅಂದ್ಕೊಂಡೆ?"

ಬರಿಗೈಲಿ ಮನೆಗೆ ಬಂದು, ಹೆದರುತ್ತಲೇ ಎಲ್ಲ ಹೇಳಿದ. ಹೆಂಡತಿಯ ಮುಖ ಅರಳಿತು. "ನಾಲ್ಕೇ ಇಟ್ಟಿದ್ದೆ ಅಂತ ಹೇಳ್ಲಿಲ್ವಾ? ದೊಡ್ಡ ಡಾಕ್ಟ್ರಿಗೇ ನನ್ನ ಬನ್ನಿನ ರುಚಿ ಹತ್ತಿದೆ! ಅಕ್ಕನೇ ಇಲ್ಲಿಗೆ ಬರ್ಲಿ ಬಿಡಿ. ನಾಳೆಯಿಂದ ಆರು ಇಡ್ತೀನಿ."

ಯೀಸ್ಟಪ್ಪನಿಗೆ ಅಂದು ಸುಖನಿದ್ದೆ. ರಜೆ ಇಲ್ಲದಿದ್ದರೇನು, ನಾಲ್ಕು ಬನ್ನಂತೂ ಖಾತ್ರಿ.

ಮರುದಿನ ಮಧ್ಯಾಹ್ನ ಊಟಕ್ಕೆ ಹೊರಟಾಗ ಸಿಸ್ಟರ್ ತುಟಿ ಒರೆಸಿಕೊಳ್ಳುತ್ತ ಎದುರಾದರು. "ನಿಮ್ಮನೆಯವರ ಕೈರುಚಿ ಚೆನ್ನಾಗಿದೆ ಕಣ್ರೀ" ಎಂದು ನಕ್ಕು ಸರಸರನೆ ಹೋದರು. ಯೀಸ್ಟಪ್ಪ ಓಡಿ ಹೋಗಿ ಡಬ್ಬಿ ತೆಗೆದ. ಎರಡು ಇದ್ದವು.