ಶಾಸಕರಿಗೆ ಮೆಣಸಿನ ಸಾರು

ಕೆಲವರಿಗೆ ಕಾರಣ ಸಿಕ್ಕಿದ ಮೇಲೆ ಚಿಂತೆ ಹತ್ತುತ್ತದೆ. ನನ್ನ ಜಾಯಮಾನ ಹಾಗಲ್ಲ. ಚಿಂತೆ ಮೊದಲೇ ಬಂದು ಕಾಲು ಚಾಚಿ ಕೂತಿರುತ್ತದೆ. ಕಾರಣ ಆಮೇಲೆ ನಿಧಾನವಾಗಿ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ನೆಗಡಿಯಾದರೆ ಚಿಂತೆ ಸರಿ, ಊರಿಗೆಲ್ಲ ನೆಗಡಿಯಾಗಿ ನನಗೊಬ್ಬನಿಗೇ ಆಗದಿದ್ದರೂ ಏನೋ ಎಡವಟ್ಟಾಗಿದೆ ಎಂದುಕೊಳ್ಳುವವನು ನಾನು. ಇಂಥವನನ್ನು ಕೇಂದ್ರ ಸರ್ಕಾರ ಬೆಂಗಳೂರಿನಿಂದ ಅಹಮದಾಬಾದಿಗೆ ವರ್ಗ ಮಾಡಿತು. ಗುಜರಾತ್ ರಾಜ್ಯ ಆಗಷ್ಟೇ ಹುಟ್ಟಿ ಅಂಬೆಗಾಲಿಡುತ್ತಿದ್ದ ಕಾಲ. ಮಣಿನಗರದಲ್ಲಿ, ಸ್ಟೇಷನ್ನಿಗೆ ಹತ್ತಿರವೆಂದು, ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಮನೆ ಹಿಡಿದೆವು. ಮನೆಯಲ್ಲಿ ಎಲ್ಲವೂ ಇತ್ತು, ನೀರೊಂದನ್ನು ಬಿಟ್ಟು. ಕೆಳಗಿನವರ ನಲ್ಲಿಯಲ್ಲಿ ಬರುತ್ತಿದ್ದ ನೀರಿಗೆ ಮೆಟ್ಟಿಲು ಹತ್ತುವ ಉಮೇದಿರಲಿಲ್ಲ. ಆದ್ದರಿಂದ ಬೆಳಗ್ಗೆ ಎದ್ದ ಕೂಡಲೇ ಎರಡು ಬಕೆಟ್ಟು ಹಿಡಿದು ನಾನೇ ಇಳಿದು ಹತ್ತುತ್ತಿದ್ದೆ. ಸೊಂಟ ಹಿಡಿದುಕೊಂಡಾಗ ಆ ಕೆಲಸ ನನ್ನ ಹೆಂಡತಿ ಶಾರದೆಗೆ. ಮಾಳಿಗೆಯವರೆಲ್ಲ ಗೊಣಗುತ್ತಿದ್ದರು, ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಗೊಣಗುವುದರಲ್ಲಿ ನಾನೇ ಮುಂದು, ಬಾಯಿಬಿಡದಿರುವುದರಲ್ಲೂ.

ಆ ಕಡೆಯವರಿಗೆ ವರ್ಷ ಮುಗಿಯುವುದು ದೀಪಾವಳಿಗೆ. ಮಾರನೆಯ ಬೆಳಗ್ಗೆ ಹೊಸ ವರ್ಷ. ಎಲ್ಲರೂ ಹೊಸ ಬಟ್ಟೆ ತೊಟ್ಟು ಮನೆಮನೆಗೆ ಹೋಗಿ 'ಸಾಲ್ ಮುಬಾರಕ್' ಹೇಳಬೇಕು, ಹೋದ ಕಡೆಯಲ್ಲೆಲ್ಲ ಬಾಯಿ ಸಿಹಿ ಮಾಡಿಕೊಳ್ಳಬೇಕು. ಆ ವರ್ಷ ನಮ್ಮ ಕಟ್ಟಡದ ಕಾರ್ಯದರ್ಶಿ ರಮಣಭಾಯಿ ಏದುಸಿರು ಬಿಡುತ್ತಾ ಮೇಲೆ ಬಂದು, "ರಾವ್ ಸಾಹೇಬ್, ನಾಳೆ ಶಾಸಕರು ಬರ್ತಾರೆ. ಒಂದು ಮನೆಯೂ ಬಿಡೋದಿಲ್ಲವಂತೆ!" ಎಂದರು. ಅವರಿಗೆ ಹಿಗ್ಗು, ನನಗೆ ದಿಗಿಲು. ಸರ್ಕಾರಿ ನೌಕರ ರಾಜಕೀಯದಿಂದ ದೂರ ಇರಬೇಕೆಂದು ನಿಯಮವಿದೆ. ಎಷ್ಟು ದೂರ ಎಂದು ಹೇಳಿಲ್ಲ. ಶಾಸಕರು ನನ್ನ ಕುರ್ಚಿಯಲ್ಲಿ ಕೂತು, ನನ್ನ ಬುಟ್ಟಿಯ ಸೀಬೆಹಣ್ಣು ತಿಂದರೆ ಅದು ದೂರವೇ? ಯಾರಾದರೂ ಆಫೀಸಿಗೆ ಚಾಡಿ ಹೇಳಿದರೆ?

"ಬರಲಿ ಬಿಡ್ರಿ," ಎಂದಳು ಶಾರದೆ. "ಅವರೇನು ನಿಮ್ಮನ್ನ ನೋಡೋಕೆ ಬರ್ತಾರಾ? ಓಟಿಗೆ ಬರ್ತಾರೆ. ನೀರಿನ ಮಾತು ಎತ್ತಿ."

"ನಾನಾ? ಸರ್ಕಾರಿ ನೌಕರ!"

"ಸರ್ಕಾರಿ ನೌಕರರು ನೀರು ಕುಡಿಯೋದಿಲ್ವಾ?"

ಈ ಪ್ರಶ್ನೆಗೆ ನಿಯಮಗಳಲ್ಲಿ ಉತ್ತರವಿರಲಿಲ್ಲ. ರಾತ್ರಿಯಿಡೀ ಹೊರಳಾಡಿ ಕೊನೆಗೆ ಉಪಾಯ ಹೊಳೆಯಿತು: ಜ್ವರ. ಜ್ವರ ಬಂದವನ ಮನೆಯೊಳಗೆ ಯಾರೂ ಬರುವುದಿಲ್ಲ, ಬಾಗಿಲಲ್ಲೇ ಕೈ ಮುಗಿದು ಹೋಗುತ್ತಾರೆ. ಬೆಳಗ್ಗೆ ಕಂಬಳಿ ಹೊದ್ದು ನರಳತೊಡಗಿದೆ. ಶಾರದೆ ನನ್ನ ಹಣೆ ಮುಟ್ಟಿ ನೋಡಿದಳು. ಒಳಗೆ ಹೋಗಿ ಇದ್ದಬದ್ದ ನೀರಿನಲ್ಲಿ ಮೆಣಸು, ಜೀರಿಗೆ ಜಜ್ಜಿ ಹಾಕಿ ಸಾರು ಮಾಡಿದಳು. ಇಂಗಿನ ಒಗ್ಗರಣೆಯ ಘಮ ಮೆಟ್ಟಿಲಿಳಿದು ಶಾಸಕರನ್ನು ಎದುರುಗೊಂಡಿತು.

ಬಾಗಿಲಲ್ಲೇ ನಿಂತು ಹೋಗುವವರಾಗಿರಲಿಲ್ಲ ಆ ಮಹಾನುಭಾವರು. ಖಾದಿ ಜುಬ್ಬ, ಟೋಪಿ, ಹಿಂದೆ ರಮಣಭಾಯಿ ಮತ್ತು ಒಂದಷ್ಟು ಜನ. "ಅರೇ, ಜ್ವರವೇ?" ಎನ್ನುತ್ತಾ ಸೀದಾ ಬಂದು ನನ್ನ ಮಂಚದ ಮೇಲೇ ಕೂತು ನಾಡಿ ಹಿಡಿದರು. ನನ್ನ ನಾಡಿ ಹೆದರಿಕೆಯಿಂದ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಜ್ವರವನ್ನು ಅವರು ಪೂರ್ತಿ ನಂಬಿದರು. ಆಮೇಲೆ ಮೂಗೆಳೆದು, "ಬೆಹನ್, ಇದೇನು ವಾಸನೆ?" ಎಂದರು. ಬೆಳಗಿನಿಂದ ಮನೆಮನೆಯ ಸಿಹಿ ತಿಂದು ಅವರ ಮುಖ ಬಾಡಿಹೋಗಿತ್ತು. ಶಾರದೆ ನನಗೆಂದು ತಂದಿದ್ದ ಲೋಟವನ್ನು, ನನ್ನ ತಲೆಯ ಮೇಲಿಂದಲೇ ದಾಟಿಸಿ, ಅವರ ಕೈಗಿತ್ತಳು. ಒಂದು ಗುಟುಕಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ಮುಖದಲ್ಲಿ ಕಳೆ. ಲೋಟ ಖಾಲಿ ಮಾಡಿ, "ಇನ್ನೊಂದು!" ಎಂದು ಮುಂದೆ ಚಾಚಿದರು.

"ಇಲ್ಲ ಭಾಯಿ. ನೀರಿಲ್ಲ," ಎಂದಳು ಶಾರದೆ.

ರಮಣಭಾಯಿ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಶಾರದೆ ಗುಜರಾತಿ ಕಲಿತದ್ದು ತರಕಾರಿ ಗಾಡಿಯವಳ ಹತ್ತಿರ. ಜಗಳವಾಡುವಷ್ಟು ಬರುತ್ತಿತ್ತು, ಬೇಡಿಕೊಳ್ಳುವಷ್ಟು ಬರುತ್ತಿರಲಿಲ್ಲ. ಇದ್ದ ಭಾಷೆಯಲ್ಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೇಳಿದಳು: "ಕೆಳಗೆ ನೀರು, ಮೇಲೆ ಇಲ್ಲ. ಇದ್ಯಾವ ತೂಕ? ಬರೀ ಮಾತು ಬೇಡ. ಕೊಡೋದಾದರೆ ಸರಿಯಾಗಿ ಕೊಡಿ, ಇಲ್ಲಾಂದ್ರೆ ಗಾಡಿ ಮುಂದಕ್ಕೆ ತಳ್ಳಿ!"

ನಾನು ಕಂಬಳಿಯನ್ನು ತಲೆಯ ಮೇಲಕ್ಕೆಳೆದುಕೊಂಡೆ. ಕತ್ತಲಲ್ಲಿ ನನಗೆ ಕಂಡದ್ದು ವರ್ಗಾವಣೆಯ ಹುಕುಂ. ಕೇಳಿಸಿದ್ದು ಮಾತ್ರ ಶಾಸಕರ ನಗು, ಮಂಚ ಅಲುಗುವಂಥ ನಗು. "ಗಾಡಿ ತಳ್ಳೋದಿಲ್ಲ ಬೆಹನ್," ಎಂದರು ಕಣ್ಣೊರೆಸಿಕೊಳ್ಳುತ್ತಾ. "ಮುಂದಿನ ವರ್ಷ ಎರಡು ಲೋಟ ಕುಡೀತೇನೆ."

ಬೇಸಿಗೆಗೆ ಮುಂಚೆ ಹೊಸ ಪೈಪು ಬಂತು, ಮೇಲಿನ ನಲ್ಲಿ ಕೆಮ್ಮಿ, ಗೊರಗುಟ್ಟಿ, ಒಂದು ದಿನ ಧೋ ಎಂದಿತು. ಮಾಳಿಗೆಯವರೆಲ್ಲ ಸೇರಿ ನನಗೆ ಹಾರ ಹಾಕಿದರು. ಆಫೀಸಿನಲ್ಲಿ ಭಯಪಟ್ಟದ್ದೇ ಆಯಿತು, ಸಾಹೇಬರು ಒಳಗೆ ಕರೆದರು. ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರು: "ರಾವ್, ನಮ್ಮ ಬೀದಿಗೂ ನೀರಿಲ್ಲವಯ್ಯ. ನಿಮ್ಮ ಮಿಸೆಸ್ ಒಮ್ಮೆ ಬರ್ತಾರಾ?"

ಮರುವರ್ಷ ಜ್ವರ ಬರಲಿಲ್ಲ. ಬೆಳಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಸಾರು ಸಿದ್ಧ, ನಾನು ಇಸ್ತ್ರಿ ಅಂಗಿ ತೊಟ್ಟು ಕಿಟಕಿಯಲ್ಲಿ. ಶಾಸಕರ ಸುಳಿವಿಲ್ಲ. ಬರುತ್ತಾರೆಂದು ಹೋದ ವರ್ಷ ಚಿಂತೆ, ಬರಲಿಲ್ಲವೆಂದು ಈ ವರ್ಷ. ಮರೆತರೇ? ನೀರು ಕೊಟ್ಟಾಯಿತು, ಇನ್ನೇನು ಎಂದುಕೊಂಡರೇ? ಒಮ್ಮೆ ಕಿಟಕಿಗೆ ಹೋಗಿ ಬಂದರೆ ಒಂದು ಲೋಟ ಸಾರು ಕುಡಿಯುತ್ತಿದ್ದೆ, ಬಿಸಿ ಇದೆಯೋ ಇಲ್ಲವೋ ನೋಡಲೆಂದು. ಕಿಟಕಿಗೆ ಬಹಳ ಸಲ ಹೋದೆನೆಂದು ಕಾಣುತ್ತದೆ.

ಮಧ್ಯಾಹ್ನ ಮೆಟ್ಟಿಲಲ್ಲಿ ಸದ್ದಾಯಿತು. "ಬೆಹನ್, ಎರಡು ಲೋಟ!" ಎನ್ನುತ್ತಲೇ ಒಳಗೆ ಬಂದರು, ಬಾಯಲ್ಲಿ ಊರಿನ ಸಿಹಿಯನ್ನೆಲ್ಲ ತುಂಬಿಕೊಂಡು. ಶಾರದೆ ಪಾತ್ರೆ ಬಗ್ಗಿಸಿದಳು. ತಳದಲ್ಲಿ ಎರಡು ಮೆಣಸಿನ ಕಾಳು, ಒಂದು ಕರಿಬೇವಿನೆಲೆ.

ಶಾಸಕರ ಮುಖ ಕೆಂಪಾಯಿತು. ರಮಣಭಾಯಿಯ ಕಡೆ ತಿರುಗಿ, "ಮತ್ತೆ ನೀರು ನಿಂತಿತೇ?" ಎಂದು ಗುಡುಗಿದರು.

"ಅವರನ್ನ ಬೈಬೇಡಿ ಭಾಯಿ," ಎಂದಳು ಶಾರದೆ. "ನೀರು ಚೆನ್ನಾಗಿ ಬರ್ತಾ ಇದೆ. ಸೋರಿಹೋಗ್ತಿರೋದು ಅಲ್ಲಿ." ಎಲ್ಲರೂ ಅವಳು ತೋರಿಸಿದ ಕಡೆ ನೋಡಿದರು. ನಾನು ಸಾರು ತುಂಬಿದ ಹೊಟ್ಟೆ ಹಿಡಿದುಕೊಂಡು, ಈ ಸಲ ನಿಜವಾಗಿಯೇ ನರಳುತ್ತಾ, ಮಂಚದ ಮೇಲೆ ಕಂಬಳಿಯೊಳಗೆ ಮಲಗಿದ್ದೆ. ಶಾಸಕರು ಹತ್ತಿರ ಬಂದು ನಾಡಿ ಹಿಡಿದು, "ಇದೇನಿಲ್ಲ, ನಾಟಕ," ಎಂದರು.