ಒಂದು ಒಂದು ಜಾರಿದಾಗ

ಕಿಟ್ವೆಯ ಗಾಳಗಾರರ ಸಂಘದ ವಾರ್ಷಿಕ ಪತ್ರಿಕೆ ಶನಿವಾರ ಬೆಳಿಗ್ಗೆ ಎನೋಕ್ ಕಬಾಸೊನ ಮನೆಗೆ ಬಂದಾಗ, ಅವನ ಜೀವಮಾನದ ಅತಿ ದೊಡ್ಡ ಸುದ್ದಿಯಲ್ಲಿ ಒಂದೇ ಒಂದು ಅಂಕಿ ಕಡಿಮೆಯಾಗಿತ್ತು.

ತಾಮ್ರದ ಗಣಿಯಲ್ಲಿ ಆಳುಗಳನ್ನು ಲಿಫ್ಟಿನಲ್ಲಿ ಕೆಳಗಿಳಿಸಿ ಮೇಲೆತ್ತುವುದು ಕಬಾಸೊನ ಕೆಲಸ. ಕಾಫುಯೆ ನದಿಯಲ್ಲಿ ಇಪ್ಪತ್ತು ವರ್ಷ ಗಾಳ ಹಾಕಿ ಕೂತರೂ ಮಕ್ಕಳ ಚಪ್ಪಲಿಗಿಂತ ದೊಡ್ಡ ಮೀನು ಅವನಿಗೆ ಸಿಕ್ಕಿರಲಿಲ್ಲ. ಕಳೆದ ನವೆಂಬರ್ ಹದಿನೈದಕ್ಕೆ ಮಾತ್ರ ಹದಿನಾಲ್ಕು ಕಿಲೋದ ಮೀಸೆಮೀನೊಂದು ಕಚ್ಚಿತು. ತೂಗಿ, ಸಂಘದ ನಿಯಮದಂತೆ ಮತ್ತೆ ನೀರಿಗೆ ಬಿಟ್ಟ. ಆ ಜಾಗದ ಗುಟ್ಟು ಹೆಂಡತಿಯ ತಮ್ಮಂದಿರಿಗೆ ತಿಳಿದರೆ ಮರುದಿನವೇ ಅಲ್ಲಿ ಸಂತೆ ನೆರೆಯುತ್ತದೆಂದು ಮನೆಯಲ್ಲಿ "ಇವತ್ತೂ ಏನಿಲ್ಲ" ಎಂದು ಮುಖ ಸಣ್ಣ ಮಾಡಿದ್ದ. ಜನವರಿ ಕೊನೆಯಲ್ಲಿ ಸಂಪಾದಕರ ಕಿವಿಯಲ್ಲಿ ಮಾತ್ರ ಉಸುರಿದ್ದ. ಸದಸ್ಯನ ಮಾತೇ ಸಾಕ್ಷಿ ಎನ್ನುವುದು ಸಂಘದ ಹಳೆಯ ಪದ್ಧತಿ. ಪತ್ರಿಕೆ ಬಂದ ಆ ಶನಿವಾರ ಸಂಜೆ, ವರ್ಷದ ಅತಿ ದೊಡ್ಡ ಮೀನಿಗೆಂದು ಅವನಿಗೆ ಬೆಳ್ಳಿಯ ಕಪ್ ಸಿಗಬೇಕಿತ್ತು.

ಪತ್ರಿಕೆಯಲ್ಲಿ 15-11 ಇರಬೇಕಾದ ಕಡೆ 15-1 ಎಂದಿತ್ತು. ಒಂದು ಒಂದು ಎಲ್ಲೋ ಜಾರಿಹೋಗಿತ್ತು.

ಡಿಸೆಂಬರಿನಿಂದ ಫೆಬ್ರವರಿ ಮುಗಿಯುವವರೆಗೆ ಮೀನು ಮೊಟ್ಟೆಯಿಡುವ ಕಾಲ. ನದಿಯಲ್ಲಿ ಹಿಡಿದರೆ ಕೇಸು. ಸಂಜೆ ಕಪ್ ಕೊಡಲು ಬರುವ ಮುಖ್ಯ ಅತಿಥಿಗಳೋ, ಮೀನುಗಾರಿಕೆ ಇಲಾಖೆಯ ಅಧಿಕಾರಿ ಹಮೂಂಗ ಅವರು.

ಅಷ್ಟರಲ್ಲಿ ಹೆಂಡತಿ ಪ್ರಿಸ್ಕ ಹೆಗಲ ಮೇಲಿಂದ ಇಣುಕಿ ಓದಿ ಮುಗಿಸಿದ್ದಳು.

"ಮುಸೊಂಡನ ಅಪ್ಪಾ," ಎಂದಳು. ಮಗನ ಹೆಸರು ಹಿಡಿದು ಇಷ್ಟು ಮೆತ್ತಗೆ ಕರೆದಳೆಂದರೆ ಗಾಳಿ ಸರಿಯಿಲ್ಲ ಎಂದೇ ಅರ್ಥ. "ಜನವರಿ ಹದಿನೈದಕ್ಕೆ ನಿಮ್ಮಣ್ಣನ ಆಪರೇಷನ್ ಅಂತ ಮುಫುಲಿರಾಕ್ಕೆ ಹೋದ್ರಲ್ಲ. ಆಸ್ಪತ್ರೇಲಿ ಮೀನು ಹಿಡಿದ್ರಾ?"

"ಅಯ್ಯೋ, ಅದು ಅಚ್ಚಿನ ತಪ್ಪು ಕಣೇ!"

"ಹಾಗಾದ್ರೆ ನಾನು ಕಟ್ಟಿಕೊಟ್ಟ ಕೋಳಿ ಯಾರ ಹೊಟ್ಟೆ ಸೇರ್ತು? ಹೆಸರು ಹೇಳಿ."

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಮೇಬಲಮ್ಮ, ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತ ಹತ್ತಿರ ಸರಿದರು. ಆ ಸಾಲಿನಲ್ಲಿ ಫೋನಿದ್ದದ್ದು ಅವರೊಬ್ಬರ ಮನೆಯಲ್ಲೇ. ಹಾಗಾಗಿ ಎಲ್ಲರ ಸಂಸಾರವೂ ಅವರ ಮೂಲಕವೇ ಹಾದುಹೋಗುತ್ತಿತ್ತು.

"ಕೇಸಾದ್ರೆ ಗಣಿಯವರು ಕೆಲಸದಿಂದ ತೆಗೀತಾರಂತೆ, ಹೌದಾ?" ಎಂದು ಕನಿಕರದಿಂದ ವಿಚಾರಿಸಿದರು.

ಕಬಾಸೊ ಸೈಕಲ್ ಹತ್ತಿ ಸಂಪಾದಕರ ಮನೆಗೆ ಓಡಿದ. ನಿವೃತ್ತ ಹೆಡ್‌ಮಾಸ್ಟರ್ ಸಿಂಪಸ ಅವರು ಪತ್ರಿಕೆಯನ್ನು ತಾವೇ ಟೈಪು ಮಾಡಿ, ತಾವೇ ಪ್ರೂಫ್ ನೋಡಿ, ಸೈಕ್ಲೋಸ್ಟೈಲ್ ಯಂತ್ರವನ್ನೂ ತಾವೇ ತಿರುಗಿಸುತ್ತಿದ್ದರು. ಹಿಂದಿನ ವರ್ಷ ಅವರು ಅಚ್ಚು ಹಾಕಿದ್ದ ಮೀನಿನ ಸಾರಿಗೆ ಎರಡು ಚಮಚದ ಬದಲು ಎರಡು ಕಿಲೋ ಉಪ್ಪು ಬಿದ್ದಿತ್ತು. ಈ ಸಲ ಮದುವೆಯಾಗಿ ಹದಿನೇಳು ವರ್ಷ ತುಂಬಿದ ಅಧ್ಯಕ್ಷರಿಗೆ "ಹದಿನೇಳನೆಯ ಮದುವೆಗೆ ಶುಭಾಶಯ" ಕೋರಿದ್ದರು.

"ನನ್ನ ಪತ್ರಿಕೇಲಿ ತಪ್ಪಾ?" ಸಿಂಪಸ ಕನ್ನಡಕ ತೆಗೆದು ಅವನನ್ನು ನೋಡಿದರು. "ಮೂರು ಸಲ ಪ್ರೂಫ್ ನೋಡಿದೀನಿ ಕಣಯ್ಯಾ."

"ಮತ್ತೆ ಅಧ್ಯಕ್ಷರ ಹದಿನೇಳು ಮದುವೆ, ಸಾರ್?"

"ಅವರೇ ಇನ್ನೂ ಅಲ್ಲ ಅಂದಿಲ್ಲ. ನಿಂಗ್ಯಾಕೆ?" ಸಿಂಪಸ ದನಿ ತಗ್ಗಿಸಿದರು. "ನಿಜ ಹೇಳು ಕಬಾಸೊ. ಜನವರೀಲಿ ನದಿಗೆ ಹೋಗಿದ್ದೆ, ಅಲ್ವಾ? ಕದ್ದು ಹಿಡಿದು ಈಗ ನನ್ನ ತಲೆಗೆ ಕಟ್ತಿದೀಯ?"

"ಒಂದು ತಿದ್ದುಪಡಿ ಹಾಕಿ ಸಾರ್, ಕೈ ಮುಗೀತೀನಿ."

"ಮುಂದಿನ ಸಂಚಿಕೇಲಿ ನೋಡೋಣ."

ಮುಂದಿನ ಸಂಚಿಕೆ ಬರುವುದು ಮುಂದಿನ ಮಾರ್ಚಿಗೆ. ಅಷ್ಟರೊಳಗೆ ಕೆಲಸವೂ ಹೋಗಿ ಜೈಲೂ ಮುಗಿದಿರುತ್ತದೆ ಎಂದುಕೊಳ್ಳುತ್ತ ಕಬಾಸೊ ಹೊರಬಿದ್ದ. ದಾರಿಯಲ್ಲಿ ಸಿಕ್ಕ ಸದಸ್ಯರೆಲ್ಲ ಅವನ ಕೈಗಳನ್ನೇ, ರಕ್ತ ಮೆತ್ತಿದೆಯೇನೋ ಎಂಬಂತೆ, ದಿಟ್ಟಿಸಿದರು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಸಂಜೆ ಎಲ್ಲರಿಗಿಂತ ಮೊದಲೇ ಸಂಘದ ಸಭಾಂಗಣಕ್ಕೆ ನುಗ್ಗಿ, ಕುರ್ಚಿ ಕುರ್ಚಿಯ ಮೇಲೂ ಇಟ್ಟಿದ್ದ ಪತ್ರಿಕೆ ತೆರೆದು, ಪೆನ್ನಿನಿಂದ ಒಂದೊಂದು ಒಂದು ಸೇರಿಸುತ್ತ ಹೋದ. ನಾಲ್ಕನೇ ಸಾಲು ಮುಗಿಯುವಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ಏನು ತಿದ್ತಾ ಇದೀರಿ?"

ಕಬಾಸೊ ತಿರುಗಿದ. ಇಲಾಖೆಯ ಸಮವಸ್ತ್ರ. ಎದೆಯ ಮೇಲೆ ಹೆಸರು: ಹಮೂಂಗ.

"ತಾರೀಖು ಸರಿ ಮಾಡ್ತಾ ಇದೀನಿ ಸರ್."

"ಸರಿ ಇರೋದನ್ನ ಯಾರೂ ಕದ್ದು ಸರಿ ಮಾಡಲ್ಲ," ಎಂದು ಹಮೂಂಗ ಅವರು ಪೆನ್ನನ್ನು ಅವನ ಕೈಯಿಂದ ಬಿಡಿಸಿಕೊಂಡು ತಮ್ಮ ಜೇಬಿಗಿಳಿಸಿದರು. "ಜನವರಿ ಹದಿನೈದಕ್ಕೆ ಎಲ್ಲಿದ್ರಿ ಅನ್ನೋದಕ್ಕೆ ಸಾಕ್ಷಿ ಕೊಡಿ. ಇಲ್ಲಾಂದ್ರೆ ಕಪ್ ಇಲ್ಲಿರುತ್ತೆ, ನೀವು ನನ್ನ ಜೊತೆ ಸ್ಟೇಷನ್‌ಗೆ ಬರ್ತೀರಿ."

ಜನ ಬಂದು ಸೇರಿತು. ಕಡಲೆಕಾಯಿ ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಆಗ ಬಾಗಿಲಲ್ಲಿ ಗದ್ದಲವೆದ್ದಿತು. ಪ್ರಿಸ್ಕ ಬಂದಳು, ಮೇಬಲಮ್ಮ ಬಂದರು, ಇಬ್ಬರ ನಡುವೆ ಏದುಸಿರು ಬಿಡುತ್ತ ಕಬಾಸೊನ ಅಣ್ಣ ಲೆವಿ ಬಂದ.

"ನಾನೇ ಫೋನ್ ಮಾಡಿ ಕರೆಸಿದೆ," ಎಂದರು ಮೇಬಲಮ್ಮ, ಇಡೀ ಸಭೆಗೆ ಕೇಳುವಂತೆ. "ನಿಮ್ಮ ತಮ್ಮನ್ನ ಜೈಲಿಗೆ ಹಾಕ್ತಿದಾರೆ, ಅವತ್ತು ನಿಮ್ಮ ಜೊತೆನೇ ಇದ್ರು ಅಂತ ಹೇಳಿದ್ರೆ ಬಿಟ್ಟುಬಿಡ್ತಾರೆ ಅಂತ ಬಿಡಿಸಿ ಹೇಳಿದೀನಿ."

ಹಮೂಂಗ ಅವರು ಲೆವಿಯತ್ತ ತಿರುಗಿದರು. "ಜನವರಿ ಹದಿನೈದಕ್ಕೆ ನಿಮ್ಮ ತಮ್ಮ ಎಲ್ಲಿದ್ರು?"

"ನನ್ನ ಹಾಸಿಗೆ ಪಕ್ಕದಲ್ಲಿ! ನೋಡಿ ಬೇಕಾದ್ರೆ!" ಲೆವಿ ಅಂಗಿ ಎತ್ತಿ ಹೊಟ್ಟೆಯ ಹೊಲಿಗೆ ತೋರಿಸಿದ. ಹೆಂಗಸರು ಮುಖ ತಿರುಗಿಸಿದರು. ಮೇಬಲಮ್ಮ ಮಾತ್ರ ಬಗ್ಗಿ ನೋಡಿದರು.

"ಕೋಳಿ?" ಎಂದಳು ಪ್ರಿಸ್ಕ.

"ಒಂದು ತೊಡೆ ನಂಗೆ ಕೊಟ್ಟ. ಉಳಿದದ್ದೆಲ್ಲ ಇವನೇ ತಿಂದ."

ಅದು ಎಷ್ಟು ನಿಜದಂತೆ ಕೇಳಿಸಿತೆಂದರೆ ಪ್ರಿಸ್ಕಳ ಹುಬ್ಬು ತಾನಾಗಿಯೇ ಇಳಿಯಿತು. ಹಮೂಂಗ ಅವರೂ ನಕ್ಕುಬಿಟ್ಟರು. ಕಬಾಸೊನಿಗೆ ಬೆಳಗಿನಿಂದ ಮೊದಲ ಬಾರಿಗೆ ಉಸಿರು ಪೂರ್ತಿ ಬಂತು.

"ಸರಿ, ತಪ್ಪು ಪತ್ರಿಕೇದೇ," ಎಂದು ಹಮೂಂಗ ಅವರು ಕಪ್ ಕೈಗೆತ್ತಿಕೊಂಡರು. "ಹಾಗಾದ್ರೆ ಇವರು ಹೇಳೋ ಹಾಗೆ ನವೆಂಬರ್ ಹದಿನೈದು..."

ಲೆವಿಯ ಕಿವಿ ನೆಟ್ಟಗಾಯಿತು. ಇನ್ನೊಂದು ತಾರೀಖು! ಇನ್ನೊಂದು ಕೇಸು!

"ನವೆಂಬರ್ ಹದಿನೈದಾ? ಅವತ್ತೂ ನನ್ನ ಜೊತೆನೇ ಇದ್ದ ಸ್ವಾಮಿ!" ಎಂದು ಕೂಗಿದ. "ಬೆಳಗಿಂದ ಕತ್ತಲಾಗೋವರೆಗೆ ಮುಫುಲಿರಾದಲ್ಲೇ! ನದಿ ಕಡೆ ತಲೆ ಹಾಕಿ ಕೂಡ ಮಲಗಿಲ್ಲ! ಬೈಬಲ್ ತನ್ನಿ, ಮುಟ್ಟಿ ಹೇಳ್ತೀನಿ!"

"ಅಣ್ಣಾ, ಬಾಯಿ ಮುಚ್ಚೋ!"

"ನೀನು ಹೆದರಬೇಡ ತಮ್ಮಾ, ನಾನಿದೀನಿ."

ಹಮೂಂಗ ಅವರು ಕಪ್ಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಜನವರೀಲೂ ಹಿಡಿದಿಲ್ಲ, ನವೆಂಬರಲ್ಲೂ ಹಿಡಿದಿಲ್ಲ. ಕೇಸಂತೂ ಇಲ್ಲ. ಮೀನೂ ಇಲ್ಲ."

ಕಪ್ ಎರಡನೆಯ ದೊಡ್ಡ ಮೀನಿಗೆ ಹೋಯಿತು. ಅದು ಮೂರು ಕಿಲೋದ್ದು. ಹಿಡಿದವರು ಸಂಪಾದಕ ಸಿಂಪಸ ಅವರು. ಚಪ್ಪಾಳೆಯ ನಡುವೆ ಕಬಾಸೊ ಪತ್ರಿಕೆ ತಿರುವಿದ. ಸಿಂಪಸ ಅವರ ಮೀನಿನ ಸುದ್ದಿ ಹನ್ನೆರಡನೆಯ ಪುಟದಲ್ಲಿತ್ತು. ತಾರೀಖು, ತೂಕ, ಹೆಸರು, ಅಲ್ಪವಿರಾಮ ಎಲ್ಲ ಸರಿಯಾಗಿದ್ದವು. ಇಡೀ ಸಂಚಿಕೆಯಲ್ಲಿ ಒಂದೂ ತಪ್ಪಿಲ್ಲದ ಸುದ್ದಿ ಅದೊಂದೇ.

ಮನೆಯ ದಾರಿಯಲ್ಲಿ ಅವನು ಸೈಕಲ್ ತಳ್ಳುತ್ತ ನಡೆದ. ಪ್ರಿಸ್ಕ ಪಕ್ಕದಲ್ಲಿ ಬರುತ್ತಿದ್ದಳು. ಲೆವಿ ಹಿಂದಿನಿಂದ ಬಂದು ಬೆನ್ನು ತಟ್ಟಿ, "ಹೇಗೆ ಬಚಾವ್ ಮಾಡಿದೆ ನೋಡು!" ಎಂದು ಹೇಳಿ ಮಿನಿಬಸ್ ಹತ್ತಿದ.

ಬಸ್ಸು ಮರೆಯಾಗುವವರೆಗೂ ಪ್ರಿಸ್ಕ ಕಾದಳು.

"ಮುಸೊಂಡನ ಅಪ್ಪಾ," ಎಂದಳು ಮೆತ್ತಗೆ. "ನವೆಂಬರ್ ಹದಿನೈದಕ್ಕೆ ನಿಮ್ಮಣ್ಣ ಮುಫುಲಿರಾದಲ್ಲಿ ಇರ್ಲೇ ಇಲ್ಲ. ನಮ್ಮನೇಲಿದ್ರು. ನಿಮಗೋಸ್ಕರ ಕಾದು ಕಾದು, ನಾನು ಬಡಿಸಿದ್ದು ಉಂಡು ಸಂಜೆ ಬಸ್ಸಿಗೆ ಹೋದ್ರು."

"ಅಯ್ಯೋ ದೇವರೇ! ಅದನ್ನ ಅಲ್ಲೇ ಹೇಳಬಾರದಿತ್ತಾ? ಕಪ್ ಉಳೀತಿತ್ತಲ್ಲೇ!"

"ಮನೆ ವಿಷಯ ಊರ ಮುಂದೆ ಯಾಕೆ ಹೇಳಲಿ?" ಪ್ರಿಸ್ಕ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದಳು. "ಬೈಬಲ್ ಮುಟ್ಟೋಕೆ ಸಿದ್ಧ ಆಗೋ ಅಷ್ಟು ದೊಡ್ಡ ಸುಳ್ಳು ನಿಮ್ಮಣ್ಣ ಸುಮ್ನೆ ಹೇಳಲ್ಲ. ಈಗ ಹೇಳಿ. ಅವತ್ತು ಎಲ್ಲಿದ್ರಿ? ಯಾರ ಮನೇಲಿ?"